ಮೀನಿನ ಉಪ್ಪು

ಅತ್ತೆಗೆ ಬಿ.ಪಿ. ಇದೆಯೆಂದು ಗೊತ್ತಾದದ್ದೂ ನಮ್ಮ ಮನೆಗೆ ಸಮುದ್ರದ ಮೀನಿನ ಅಕ್ವೇರಿಯಂ ಬಂದದ್ದೂ ಒಂದೇ ತಿಂಗಳಲ್ಲಿ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಆದರೆ ಮನೆಯೊಳಗೆ ಎರಡರ ಮಾತೂ ಕೊನೆಗೆ ಉಪ್ಪಿನ ಹತ್ತಿರವೇ ಬಂದು ನಿಲ್ಲುತ್ತಿತ್ತು. ಹಾಗಾಗಿ ಆ ವರ್ಷವನ್ನು ನೆನೆದರೆ ಎರಡೂ ಒಟ್ಟಿಗೇ ನೆನಪಾಗುತ್ತವೆ.

ನಾನು ತಿಪಟೂರಿನ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿರುವ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ರಕ್ತ, ಮೂತ್ರ ಪರೀಕ್ಷೆ ಮಾಡುವುದು ಕೆಲಸ. ಗಂಡನದು ಕೊಬ್ಬರಿ ವ್ಯಾಪಾರ. ಮಗಳು ತುಮಕೂರಿನ ಹಾಸ್ಟೆಲಿನಲ್ಲಿದ್ದಳು, ಆದ್ದರಿಂದ ಮನೆಯಲ್ಲಿ ಅತ್ತೆಯನ್ನೂ ಸೇರಿಸಿ ನಾವು ಮೂವರೇ. ಅತ್ತೆಯ ತವರು ಹುಳಿಯಾರಿನ ಕಡೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿದರೆಂದರೆ ಮತ್ತೆ ಒಂದು ಕಡೆ ಕೂರುವವರಲ್ಲ. ಮನೆಯ ಹಿಂದೆ ತಾವೇ ನೆಟ್ಟ ಎರಡು ತೆಂಗಿನ ಗಿಡಗಳ ಬುಡ ಕೆದಕುತ್ತಲೋ, ತೆಂಗಿನ ಗರಿ ಸೀಳಿ ಕಡ್ಡಿ ತೆಗೆಯುತ್ತಲೋ ಇರುತ್ತಿದ್ದರು.

ಒಂದು ಬೆಳಿಗ್ಗೆ ಪೂಜೆಯಿಂದ ಏಳುವಾಗ ಅವರಿಗೆ ತಲೆ ಸುತ್ತಿತು. ಗೋಡೆ ಹಿಡಿದುಕೊಂಡು ನಿಂತರು. ನಾನು ಲ್ಯಾಬಿಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ ರಕ್ತ ತೆಗೆದೆ. ಆಮೇಲೆ ಮೇಲಿನ ಮಹಡಿಯ ಡಾಕ್ಟರಮ್ಮನಿಗೆ ತೋರಿಸಿದೆ. ಸಕ್ಕರೆ ಸರಿಯಿತ್ತು, ಬಿ.ಪಿ. ಬಹಳ ಮೇಲಿತ್ತು. ಡಾಕ್ಟರಮ್ಮ ಮಾತ್ರೆ ಬರೆದು, “ಉಪ್ಪು ಕಮ್ಮಿ ಮಾಡ್ಬೇಕು ಅಮ್ಮ” ಎಂದರು. ಅತ್ತೆ “ಆಯ್ತು ಬುಡಿ” ಎಂದು ಸೆರಗು ಸರಿಮಾಡಿಕೊಂಡರು.

ಕಮ್ಮಿ ಮಾಡುವುದಕ್ಕೆ ನನ್ನ ಗಂಡ ಒಪ್ಪಲಿಲ್ಲ. ಅವರ ಅಪ್ಪ ಸತ್ತದ್ದು ಮಂಡಿಯಲ್ಲಿ, ಕೊಬ್ಬರಿ ತೂಗಿಸುತ್ತಾ ನಿಂತಿದ್ದಾಗ. ತಲೆಯಲ್ಲಿ ರಕ್ತನಾಳ ಒಡೆದಿತ್ತು. ಅವರಿಗೆ ಬಿ.ಪಿ. ಇತ್ತೋ ಇಲ್ಲವೋ ಯಾರೂ ನೋಡಿಸಿರಲಿಲ್ಲ. ಬಿದ್ದಾಗ ಪಕ್ಕದಲ್ಲಿ ಇದ್ದವರು ನನ್ನ ಗಂಡ. ಅದರ ಬಗ್ಗೆ ಅವರು ಮಾತಾಡುವುದಿಲ್ಲ. ಆದರೆ ಬಿ.ಪಿ. ಎಂಬ ಮಾತು ಕೇಳಿದ ದಿನವೇ ಸಂಜೆ ಅಡುಗೆಮನೆಗೆ ಬಂದು ಉಪ್ಪಿನಕಾಯಿಯ ಜಾಡಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಎಲ್ಲವನ್ನೂ ಚೀಲಕ್ಕೆ ತುಂಬಿ ಪಕ್ಕದ ಮನೆಯ ಟೈಲರ್ ಸಾಬರ ಹೆಂಡತಿಗೆ ಕೊಟ್ಟು ಬಂದರು. ಉಪ್ಪಿನ ಡಬ್ಬಿಯನ್ನು ನಮ್ಮ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮನೆಗೆ ನೆಂಟರು ಬಂದಾಗ ಮಾತ್ರ ತೆಗೆಯುವುದು. ಬೀದಿಯ ತುದಿಯ ಅಂಗಡಿಯವನಿಗೂ, ಅವ್ವ ಬಂದರೆ ಉಪ್ಪು ಕೊಡಬೇಡ ಎಂದು ಹೇಳಿ ಬಂದರು.

“ಕಮ್ಮಿ ಮಾಡಿ ಅಂದ್ರು, ಇಲ್ಲವೇ ಇಲ್ಲ ಅಂತ ಅಂದಿಲ್ಲ” ಎಂದೆ ನಾನು.

“ಕಮ್ಮಿ ಅಂದ್ರೆ ಎಷ್ಟು? ಇವತ್ತು ಚಿಟಿಕೆ, ನಾಳೆ ಹಿಡಿ. ನಮ್ಮವ್ವ ನಂಗೆ ಗೊತ್ತಿಲ್ವೇನೇ? ಎಲ್ರೂ ಹಂಗೇ ಉಣ್ಣೋಣ. ಅವ್ವ ಒಬ್ಬಳಿಗೇ ಅನ್ನೋದು ಬ್ಯಾಡ.”

ಎಲ್ಲರೂ ಹಾಗೇ ಉಂಡೆವು. ನಾನು ಮಧ್ಯಾಹ್ನ ಲ್ಯಾಬಿನವರ ಜೊತೆ ಕ್ಯಾಂಟೀನಿನಲ್ಲಿ ಉಣ್ಣುತ್ತಿದ್ದೆ. ಗಂಡ ಮಂಡಿಯ ಎದುರಿನ ಹೋಟೆಲಿನಲ್ಲಿ ಬೆಳಿಗ್ಗೆ ಚಿತ್ರಾನ್ನ ತಿನ್ನುತ್ತಿದ್ದರು. ಹೊರಗೆ ಹೋಗುವ ದಾರಿ ಇಲ್ಲದವರು ಅತ್ತೆ ಒಬ್ಬರೇ. ಅವರಿಗೆ ಬೇಕಾದದ್ದು ಎರಡೇ: ರಾಗಿ ಮುದ್ದೆ, ಉಪ್ಸಾರು. ಕಾಳು, ಸೊಪ್ಪು ಬೇಯಿಸಿದ ನೀರಿಗೆ ಉಪ್ಪು ಹಾಕಿ, ಮೇಲೆ ಅರೆದ ಖಾರ ಕಲಸಿಕೊಂಡು ಉಣ್ಣುವುದು. ಮೊದಲ ದಿನ ಒಂದು ತುತ್ತು ನುಂಗಿ ಮಗನ ಮುಖ ನೋಡಿದರು.

“ಉಪ್ಸಾರಲ್ಲಿ ಉಪ್ಪೇ ಇಲ್ಲಾಂದ್ರೆ ಇದುಕ್ಕೇನ್ಲಾ ಹೆಸ್ರು?”

“ಸಾರು ಅನ್ನವ್ವ.”

“ಕಾಳು ತೊಳ್ದ ನೀರು ಅಂತೀನಿ.”

ಅಕ್ವೇರಿಯಂ ಆಸೆ ನನ್ನದು. ಅದಕ್ಕೂ ಹಿಂದಿನ ವರ್ಷ ಲ್ಯಾಬಿನ ಯಂತ್ರವೊಂದರ ತರಬೇತಿಗೆಂದು ಬೆಂಗಳೂರಿಗೆ ಕಳಿಸಿದ್ದರು. ಆ ಕಚೇರಿಯ ಮುಂಗೋಣೆಯಲ್ಲಿ ಗಾಜಿನ ತೊಟ್ಟಿಯಲ್ಲಿ ಹವಳಗಳಿದ್ದವು. ಕಲ್ಲಿಗೆ ಅಂಟಿಕೊಂಡು, ನೀರಿನ ಜೊತೆಗೆ ಅಲುಗಾಡುತ್ತಿದ್ದವು. ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಎರಡು ಸಣ್ಣ ಮೀನು ಅವುಗಳ ನಡುವೆ ಮೈ ಉಜ್ಜುತ್ತಿದ್ದವು. ತರಬೇತಿ ಶುರುವಾಗಲು ತಡವಾಯಿತು. ನಾನು ಅದರ ಮುಂದೆಯೇ ಕುಳಿತಿದ್ದೆ. ಊಟಕ್ಕೆ ಬಿಟ್ಟಾಗಲೂ ಬಂದು ಕುಳಿತೆ. ಊರಿಗೆ ಬಂದ ಮೇಲೆ ಫೋನಿನಲ್ಲಿ ಅದರದೇ ವಿಡಿಯೋ ನೋಡತೊಡಗಿದೆ. ವರ್ಷವಿಡೀ ನೋಡಿ, ಓದಿ, ಕೊನೆಗೆ ಗಂಡನ ಹತ್ತಿರ ಹೇಳಿದೆ. ಅವರು ಬೇಡ ಎನ್ನಲಿಲ್ಲ. “ತಿಪಟೂರಲ್ಲಿ ಸಮುದ್ರ ಮಾಡ್ತೀನಿ ಅಂತೀಯಲ್ಲ, ನಮ್ಮ ಲಾರಿ ಮಂಗಳೂರಿಗೆ ಹೋದಾಗ ಕ್ಯಾನಲ್ಲಿ ನೀರು ತುಂಬ್ಕೊಂಡು ಬರೋಕೆ ಹೇಳ್ಲಾ?” ಎಂದಷ್ಟೇ ಕೇಳಿದರು. ದಡದ ನೀರಿನಲ್ಲಿ ಮಣ್ಣು, ಡೀಸೆಲ್ ಎಲ್ಲಾ ಇರುತ್ತದೆ, ಇಲ್ಲಿಗೆ ಬರುವಷ್ಟರಲ್ಲಿ ಕೆಟ್ಟೂ ಹೋಗುತ್ತದೆ, ಅದಕ್ಕೆಂದೇ ಮಾಡಿದ ಉಪ್ಪನ್ನು ನೀರಿಗೆ ಕಲಸಬೇಕು ಎಂದು ವಿವರಿಸಿದೆ. “ಉಪ್ಪು ತಾನೆ, ಇಲ್ಲೇ ಸಿಗುತ್ತಲ್ಲ” ಎಂದರು. ಅಡುಗೆ ಉಪ್ಪು ಆಗುವುದಿಲ್ಲ ಎಂದೆ. ಯಾಕೆ ಎಂದು ಕೇಳಲಿಲ್ಲ.

ಟ್ಯಾಂಕು ದೊಡ್ಡದಲ್ಲ. ಟಿ.ವಿ. ಇಡುವ ಮೇಜಿನಷ್ಟು ಉದ್ದ. ಅದನ್ನೂ ಉಪ್ಪನ್ನೂ ತರಲು ಇಬ್ಬರೂ ಕಾರಿನಲ್ಲಿ ಬೆಂಗಳೂರಿಗೆ ಹೋದೆವು. ತುಮಕೂರಿನ ಅಂಗಡಿಗಳಲ್ಲಿ ಇರುವುದೆಲ್ಲ ಸಿಹಿನೀರಿನ ಮೀನೇ.

ಅಂಗಡಿಯಾತ ಮೂರು ತರದ ಉಪ್ಪು ತೋರಿಸಿದ. ಒಂದು ಪ್ಲಾಸ್ಟಿಕ್ ಚೀಲದಲ್ಲಿ, ಎರಡು ಬಕೆಟ್‌ಗಳಲ್ಲಿ. ನನ್ನ ಗಂಡ ಮೂರನ್ನೂ ಎತ್ತಿ ತೂಕ ನೋಡಿದರು. ಆಮೇಲೆ, “ಇದ್ರಲ್ಲಿ ಸಮುದ್ರ ಯಾವುದು?” ಎಂದು ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ಅಂಗಡಿಯಾತನೂ ಗಂಭೀರವಾಗಿಯೇ ಉತ್ತರ ಕೊಟ್ಟ.

“ಈ ಚೀಲದ್ದು ಬರೀ ಮೀನು ಸಾಕೋರಿಗೆ ಸಾರ್. ಹವಳಕ್ಕೆ ಬೇಕಾದ್ದು ಇದ್ರಲ್ಲಿ ಕಮ್ಮಿ. ಈ ಬಕೆಟ್ ಹೆಚ್ಚು ಕಮ್ಮಿ ಸಮುದ್ರದಲ್ಲಿ ಎಷ್ಟಿರುತ್ತೋ ಅಷ್ಟೇ. ಈ ದೊಡ್ಡ ಬಕೆಟ್ ಇದ್ಯಲ್ಲ, ಇದು ಸಮುದ್ರಕ್ಕಿಂತ ಜಾಸ್ತಿ. ಮೇಡಂಗೆ ನಾನು ಇದನ್ನೇ ಹೇಳ್ತೀನಿ. ಹವಳ ಬೇಗ ಬೆಳೆಯುತ್ತೆ.”

ನಾನು ಮೂರರ ಮೇಲಿದ್ದ ಚೀಟಿಯನ್ನೂ ಓದಿದೆ. ಲ್ಯಾಬಿನಲ್ಲಿ ಪ್ರತಿ ಬಾಟಲಿಯ ಜೊತೆಗೂ ಇಂಥ ಚೀಟಿ ಬರುತ್ತದೆ, ಓದುವುದು ರೂಢಿ. ಕ್ಯಾಲ್ಸಿಯಂ ಎಷ್ಟು, ಮೆಗ್ನೀಷಿಯಂ ಎಷ್ಟು, ನೀರಿನ ಕ್ಷಾರಗುಣ ಎಷ್ಟಕ್ಕೆ ಬಂದು ನಿಲ್ಲುತ್ತದೆ ಎಂದು ಅದರಲ್ಲಿತ್ತು. ಹವಳ ತನ್ನ ಮೈಯನ್ನು ಕಟ್ಟಿಕೊಳ್ಳುವುದು ಇವುಗಳಿಂದ. ಕಲ್ಲಿನಂತೆ ಗಟ್ಟಿಯಾದ ಹವಳಗಳು ತೊಟ್ಟಿ ತುಂಬಾ ಇದ್ದರೆ ಇವನ್ನು ದಿನವೂ ಹೀರಿ ಖಾಲಿ ಮಾಡುತ್ತವೆ. ಅಂಥವರಿಗೆ ಜಾಸ್ತಿ ಇರುವ ಬಕೆಟ್ ಸರಿ. ನಾನು ಸಾಕಬೇಕೆಂದಿದ್ದದ್ದು ಮೆತ್ತನೆಯ ಹವಳ, ಅದೂ ಒಂದೆರಡು. ಅವು ತೆಗೆದುಕೊಳ್ಳುವುದು ಸ್ವಲ್ಪ. ನೀರು ಬದಲಿಸಿದಾಗಲೆಲ್ಲ ಕ್ಷಾರ ಏರುವುದು, ಅವಕ್ಕೆ ಒಗ್ಗದಿರುವುದು ಯಾಕೆ ಬೇಕು? ಹೊಸಬರಿಗೆ ಬೇಕಾದದ್ದು ಬೇಗ ಬೆಳೆಸುವ ಉಪ್ಪಲ್ಲ, ಪ್ರತಿ ಸಲವೂ ಒಂದೇ ತರ ಇರುವ ಉಪ್ಪು ಎಂದು ಎಲ್ಲೋ ಓದಿದ್ದೆ. ಅದು ನನ್ನ ಕೆಲಸಕ್ಕೂ ಹೊಂದುವ ಮಾತಾಗಿತ್ತು. ನಡುವಿನ ಬಕೆಟ್ ಸಾಕು ಎಂದೆ.

ಗಂಡ ಮುಚ್ಚಳ ತೆಗೆಸಿದರು. ಕೊಬ್ಬರಿ ಕೊಳ್ಳುವಾಗ ಚೀಲದ ಮೇಲಿನದನ್ನು ಬಿಟ್ಟು ಒಳಗೆ ಕೈ ಹಾಕಿ ನೋಡುವುದು ಅವರ ಪದ್ಧತಿ. ಇಲ್ಲೂ ಒಳಗಿನ ಪ್ಲಾಸ್ಟಿಕ್ ಬಿಡಿಸಿ ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿದರು. ಗಂಟಿರಲಿಲ್ಲ, ತೇವವೂ ಇರಲಿಲ್ಲ. “ಮಾಲು ಚೆನ್ನಾಗೈತೆ” ಎಂದರು. ಅಂಗಡಿಯಾತನ ಮುಖ ಸ್ವಲ್ಪ ಚಿಕ್ಕದಾಯಿತು, ಆದರೂ ಅದೇ ಉಪ್ಪಿನ ಎರಡು ಬಕೆಟ್ ಕಾರಿಗೆ ಇಟ್ಟುಕೊಟ್ಟ. ವಾಪಸು ಬರುವಾಗ ಕಿಬ್ಬನಹಳ್ಳಿಯಲ್ಲಿ ಟೀಗೆ ನಿಲ್ಲಿಸಿದೆವು. ಹಿಂದಿನ ಸೀಟಿನಲ್ಲಿದ್ದ ಗಾಜಿನ ತೊಟ್ಟಿಯನ್ನು ನೋಡಿದ ಹೋಟೆಲಿನವನು, “ದೇವ್ರ ಮಂಟಪವಾ ಸಾರ್?” ಎಂದು ಕೇಳಿದ. ಗಂಡ ಹೌದು ಎಂದುಬಿಟ್ಟರು.

ಉಪ್ಪು ಆರಿಸಿದರೆ ಆಯಿತೆಂದುಕೊಂಡಿದ್ದೆ, ನೀರು ಅದಕ್ಕಿಂತ ಕಷ್ಟ ಕೊಟ್ಟಿತು. ನಮ್ಮ ಬೋರ್‌ವೆಲ್ ನೀರು ಪಾತ್ರೆಯ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಅಡುಗೆಮನೆಯ ಫಿಲ್ಟರ್ ನೀರನ್ನು ಮೀಟರಿನಲ್ಲಿ ನೋಡಿದರೆ ಅದರಲ್ಲೂ ಲವಣ ಉಳಿದಿತ್ತು. ಕೊನೆಗೆ ಫಿಲ್ಟರಿಗೆ ಇನ್ನೊಂದು ಕೊಳವೆ ಜೋಡಿಸಿದ ಮೇಲೆ ಮೀಟರ್ ಸೊನ್ನೆ ತೋರಿಸಿತು. ಹನಿ ಹನಿಯಾಗಿ ಬೀಳುವ ಆ ನೀರನ್ನು ಹಿತ್ತಿಲಿನ ನೀಲಿ ಡ್ರಮ್ಮಿಗೆ ತುಂಬಿಸಿ, ಒಳಗೆ ಸಣ್ಣ ಮೋಟರ್ ಬಿಟ್ಟು ಸುತ್ತಿಸುತ್ತಾ, ಉಪ್ಪನ್ನು ಸ್ವಲ್ಪ ಸ್ವಲ್ಪವೇ ಸುರಿದೆ. ಮೊದಲು ಹಾಲಿನಂತೆ ಬೆಳ್ಳಗಾಯಿತು, ಬಹಳ ಹೊತ್ತಾದ ಮೇಲೆ ತಿಳಿಯಾಯಿತು. ಒಂದು ಹನಿಯನ್ನು ಉಪ್ಪಿನಂಶ ಅಳೆಯುವ ದುರ್ಬೀನಿನಂಥ ಉಪಕರಣಕ್ಕೆ ಹಾಕಿ ಬೆಳಕಿಗೆ ಹಿಡಿದು ನೋಡಿದೆ. ಲ್ಯಾಬಿನಲ್ಲಿ ಮೂತ್ರ ಎಷ್ಟು ಗಾಢವಾಗಿದೆ ಎಂದು ನೋಡಲೂ ಇಂಥದ್ದೇ ಬಳಸುತ್ತೇವೆ. ಗೆರೆ ಇರಬೇಕಾದ ಜಾಗದಲ್ಲೇ ಇತ್ತು.

ಅತ್ತೆ ಒರಳು ಕಲ್ಲಿನ ಮೇಲೆ ಕುಳಿತು ಇದೆಲ್ಲವನ್ನೂ ನೋಡುತ್ತಿದ್ದರು. ಮನೆಯೊಳಗೆ ಮೀನು ಎಂದಾಗ “ಶಿವಾ ಶಿವಾ” ಎಂದವರು ಆಮೇಲೆ ಸಾಕುವುದಕ್ಕೆ ಎಂದು ತಿಳಿದು ಸುಮ್ಮನಾಗಿದ್ದರು. ಈಗ ಮಾತು ಬಂತು.

“ನಂಗೆ ಸಾರಿಗೊಂದು ಕಲ್ಲುಪ್ಪಿಲ್ಲ. ಇಲ್ದಿರೋ ಮೀನಿಗೆ ಬಕೆಟ್‌ಗಟ್ಲೆ ಸುರೀತಿದೀಯಲ್ಲೇ.”

ಗಂಡ ಬಾಗಿಲಲ್ಲಿ ನಿಂತಿದ್ದರು. “ಅವ್ವಾ, ಅದು ತಿನ್ನೋ ಉಪ್ಪಲ್ಲ” ಎಂದರು.

“ತಿನ್ನೋ ಉಪ್ಪನ್ನ ಬೀರುವಲ್ಲಿಟ್ಟಿದೀಯ, ತಿನ್ದಿರೋ ಉಪ್ಪನ್ನ ಹಿತ್ಲಲ್ಲಿಟ್ಟಿದೀಯ. ಒಳ್ಳೇದು ಬುಡು.”

ನೀರು ತುಂಬಿಸಿ, ಕಲ್ಲು ಜೋಡಿಸಿದ ಮೇಲೆ ವಾರಗಟ್ಟಲೆ ಮೀನು ಬಿಡುವಂತಿಲ್ಲ. ಕೊಳಕನ್ನು ತಿನ್ನುವ ಸೂಕ್ಷ್ಮಜೀವಿಗಳು ಮೊದಲು ಕಲ್ಲಿನಲ್ಲಿ ನೆಲೆಯಾಗಬೇಕು. ಪಕ್ಕದ ಮನೆಯ ಟೈಲರ್ ಸಾಬರ ಹೆಂಡತಿ ನೋಡಲು ಬಂದು, “ಮೀನು ಯಾವಾಗ ಅಮ್ಮಾ? ಸಾಕೋಕೆ ತಾನೆ?” ಎಂದು ಕೇಳಿ ನಕ್ಕು ಹೋದರು. ಮೀನಿಲ್ಲದ ನೀರಿನ ಮುಂದೆ ನಾನು ಸಂಜೆ ಕೂರುವುದನ್ನು ನೋಡಿ ಅತ್ತೆಗೆ ನಗು ಬರುತ್ತಿತ್ತು. ನೀರು ಬದಲಿಸಿದಾಗ ತೆಗೆದ ಉಪ್ಪುನೀರನ್ನು ಎಲ್ಲಿಗೆ ಚೆಲ್ಲುವುದೆಂದು ನಾನು ಯೋಚಿಸುತ್ತಿದ್ದರೆ ಅವರೇ ಬಕೆಟ್ ಕಿತ್ತುಕೊಂಡರು. ತೆಂಗಿನ ಬುಡಕ್ಕೆ ಉಪ್ಪು ಹಾಕುವುದು ಅವರಿಗೆ ಗೊತ್ತಿದ್ದದ್ದೇ. ಸಸಿ ನೆಡುವಾಗ ಗುಣಿಗೆ ಉಪ್ಪು ಸುರಿಯುವುದನ್ನು ತವರಿನಲ್ಲಿ ಕಂಡವರು. ಒಂದೇ ಗಿಡಕ್ಕೆ ಪ್ರತಿ ಸಲವೂ ಬೇಡ, ಮಣ್ಣು ಕೆಡುತ್ತದೆ ಎಂದು ನಾನು, ತೆಂಗಿಗೆ ಏನೂ ಆಗದು ಎಂದು ಅವರು. ಕೊನೆಗೆ ಎರಡು ಗಿಡಕ್ಕೂ ಸರದಿಯಂತೆ, ಮೇಲೆ ಒಂದಷ್ಟು ಬೋರ್ ನೀರು ಎಂದು ಒಪ್ಪಂದವಾಯಿತು.

ಮೀನುಗಳು ಬಂದವು. ಎರಡು, ಕಿತ್ತಳೆ ಬಣ್ಣದವು. ಆಮೇಲೆ ಅಣಬೆಯಂಥ ಒಂದು ಹವಳ, ಬೆರಳುಗಳಿರುವಂಥ ಇನ್ನೊಂದು. ಅವು ಕಲ್ಲಿನ ಮೇಲೆ ಬಾಯಿ ಬಿಟ್ಟುಕೊಂಡಂತೆ ಅರಳಿದ ದಿನ ನಾನು ಲ್ಯಾಬಿಗೆ ತಡವಾಗಿ ಹೋದೆ.

ಆಮೇಲೆ ಅತ್ತೆಗೆ ಭೇದಿ ಶುರುವಾಯಿತು.

ಮೊದಲು ಯಾರೂ ಅಷ್ಟು ಲಕ್ಷ್ಯ ಕೊಡಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಬಂತು, ನಿಂತಿತು, ಮತ್ತೆ ಬಂತು. ಅತ್ತೆ ಸೊರಗಿದರು. ಲ್ಯಾಬಿನಲ್ಲಿ ನಾನೇ ಮಲ ಪರೀಕ್ಷೆ ಮಾಡಿದೆ, ಏನೂ ಸಿಗಲಿಲ್ಲ. ಗಂಡ ಮಂಡಿ ಬಿಟ್ಟು ಬಂದರು. ಮೂವರೂ ಡಾಕ್ಟರಮ್ಮನ ಮುಂದೆ ಕುಳಿತೆವು. ಅವರು ಹೊಟ್ಟೆ ಒತ್ತಿ ನೋಡಿ, ನಾಲಿಗೆ ನೋಡಿ, ಕೇಳಿದರು: “ಅಮ್ಮಾ, ಈಚೆಗೆ ಹೊಸದೇನಾದ್ರೂ ತಿಂತಿದೀರಾ? ನಾಟಿ ಔಷಧಿ, ಲೇಹ್ಯ ಏನಾದ್ರೂ?”

ಅತ್ತೆ ಡಾಕ್ಟರಮ್ಮನನ್ನೇ ನೋಡುತ್ತಾ ಹೇಳಿದರು:

“ಮೀನಿನುಪ್ಪು.”

“ಏನಂದ್ರಿ?”

“ಇವ್ಳು ಮೀನಿಗೆ ಹಾಕ್ತಾಳಲ್ಲ, ಆ ಉಪ್ಪು ಕಣ್ರವ್ವ. ಮಜ್ಗೆಗೆ ಹಾಕ್ಕೊಂಡೆ. ಸಾರಿಗೂ ಹಾಕ್ಕೊಂಡೆ. ಸುಳ್ಯಾಕೆ ಹೇಳ್ಲಿ.”

ನನ್ನ ಗಂಡ ಕುರ್ಚಿಯಿಂದ ಎದ್ದು ನಿಂತರು, ಮತ್ತೆ ಕುಳಿತರು. ಡಾಕ್ಟರಮ್ಮ ನನ್ನ ಕಡೆ ತಿರುಗಿ ಅದರಲ್ಲಿ ಏನೇನಿದೆ ಎಂದು ಕೇಳಿದರು. ನಾನು ಚೀಟಿಯಲ್ಲಿ ಓದಿದ್ದನ್ನು ಹೇಳಿದೆ. ಮೆಗ್ನೀಷಿಯಂ ಎಂದಾಗ ಅವರು ತಲೆಯಾಡಿಸಿದರು. ಮಲಬದ್ಧತೆಗೆ ಕೊಡುವುದರಲ್ಲೂ ಅದೇ ಇರುತ್ತದೆ, ಇದೇ ಕಾರಣ ಎಂದು ಖಚಿತವಾಗಿ ಹೇಳಲಾಗದು, ಆದರೆ ಇವತ್ತಿಗೇ ನಿಲ್ಲಿಸಬೇಕು ಎಂದರು. ಅದು ಮನುಷ್ಯರು ತಿನ್ನುವುದಕ್ಕೆಂದು ಮಾಡಿದ್ದಲ್ಲ, ಬಿ.ಪಿ.ಗಂತೂ ಒಳ್ಳೆಯದಲ್ಲ, ಅದೂ ಉಪ್ಪೇ ಎಂದರು. ನಗು ಬರುತ್ತಿತ್ತು ಅವರಿಗೆ. ತಡೆದುಕೊಂಡು, “ರುಚಿಯಾದ್ರೂ ಇತ್ತಾ ಅಮ್ಮ?” ಎಂದು ಕೇಳಿದರು.

“ರುಚಿ ಎಲ್ಲೀದು? ಕಹಿ! ನಾಲಿಗೆ ಮ್ಯಾಲಿಟ್ರೆ ಬಿಸಿ ಬಿಸಿ. ಆದ್ರೂ ಉಪ್ಪು ಉಪ್ಪೇ ಅಲ್ವೇ?”

“ಮನೇಲಿ ಉಪ್ಪು ಎಷ್ಟು ಹಾಕ್ತಿದೀರಾ?” ಎಂದು ಡಾಕ್ಟರಮ್ಮ ನನ್ನನ್ನು ಕೇಳಿದರು. ನಾನು ಗಂಡನ ಕಡೆ ನೋಡಿದೆ.

“ಇಲ್ಲ” ಎಂದರು ಅವರು. “ಹಾಕ್ತಿಲ್ಲ. ಪೂರ್ತಿ ಬಿಟ್ಟಿದೀವಿ.”

“ನಾನು ಬಿಡಿ ಅಂದ್ನಾ? ಕಮ್ಮಿ ಮಾಡಿ ಅಂದೆ. ಈ ವಯಸ್ಸಲ್ಲಿ ಊಟವೇ ಸೇರಲಿಲ್ಲ ಅಂದ್ರೆ ಮಾತ್ರೆ ಏನು ಮಾಡುತ್ತೆ?” ಡಾಕ್ಟರಮ್ಮ ಮೇಜಿನ ಖಾನೆಯಿಂದ ಔಷಧಿಯ ಜೊತೆ ಬರುವ ಸಣ್ಣ ಪ್ಲಾಸ್ಟಿಕ್ ಚಮಚ ತೆಗೆದರು. ಇದರಲ್ಲಿ ಮಟ್ಟಸವಾಗಿ ಇಷ್ಟು, ಇಡೀ ದಿನಕ್ಕೆ, ಎಲ್ಲಾ ಅಡುಗೆ ಸೇರಿ, ಉಪ್ಪಿನಕಾಯಿ, ಹಪ್ಪಳ ಬೇಡ, ಬಿ.ಪಿ. ನೋಡಿಸುತ್ತಾ ಇರಿ ಎಂದರು.

ಮನೆಗೆ ಬಂದ ಮೇಲೆ ಗಂಡ ಹಿತ್ತಿಲಿಗೆ ಹೋಗಿ ಉಪ್ಪಿನ ಬಕೆಟ್ಟಿನ ಮುಚ್ಚಳ ತೆಗೆದು ನೋಡಿದರು. ಆಮೇಲೆ ಒಳಗೆ ಬಂದು ಅತ್ತೆಯ ಎದುರು ನೆಲದ ಮೇಲೆ ಕುಳಿತರು.

“ಕೇಳ್ಬೋದಿತ್ತಲ್ಲವ್ವ.”

“ಕೇಳ್ಲಿಲ್ವಾ? ದಿನಾ ಕೇಳ್ದೆ ಕಣ್ಲಾ. ನೀನು ಬೀಗದ ಕೈ ಸೊಂಟದಲ್ಲಿಟ್ಕೊಂಡು ತಿರುಗ್ತಿದ್ದೆ.”

“ಏನಾದ್ರೂ ಆಗಿದ್ರೆ?”

“ನಿಮ್ಮಪ್ಪಂಗಾದಂಗೆ ನಂಗೂ ಆಗುತ್ತೆ ಅಂತ ನಿನ್ನ ಹೆದ್ರಿಕೆ. ಗೊತ್ತು. ಆಗೋದಿದ್ರೆ ಆಗುತ್ತೆ. ಮಾತ್ರೆ ನುಂಗ್ತಿದೀನಲ್ಲ.” ಅವರು ಮತ್ತೆ ಹೇಳಿದರು, “ಅವತ್ತು ಅವ್ರು ಬಿದ್ದಾಗ ನೀನು ಒಬ್ನೇ ಇದ್ದೆ ಮಗಾ. ನಾನು ಇರ್ಬೇಕಿತ್ತು.”

ನಾನು ಅಡುಗೆಮನೆಗೆ ಹೋದೆ. ಆಮೇಲೆ ಅವರಿಬ್ಬರೂ ಏನು ಮಾತಾಡಿದರೋ ಕೇಳಿಸಿಕೊಳ್ಳಲಿಲ್ಲ. ಸಂಜೆ ಬೀರುವಿನಿಂದ ಉಪ್ಪಿನ ಡಬ್ಬಿ ಹೊರಗೆ ಬಂದಿತ್ತು.

ಮರುದಿನದಿಂದ ಒಂದು ಏರ್ಪಾಡಾಯಿತು. ಅತ್ತೆಯ ದಿನದ ಉಪ್ಪನ್ನು ಬೆಳಿಗ್ಗೆಯೇ ಅಳೆದು ಒಂದು ಸಣ್ಣ ಬಟ್ಟಲಿಗೆ ಹಾಕಿಡುವುದು. ಅಡುಗೆ ನಮಗೆ ಬೇರೆ, ಅವರಿಗೆ ಸಪ್ಪೆ. ಬಟ್ಟಲಿನದನ್ನು ಎಲ್ಲಿಗೆ ಹಾಕಿಕೊಳ್ಳಬೇಕೆಂಬುದು ಅವರಿಷ್ಟ. ಅವರು ಬೆಳಗಿನ ರೊಟ್ಟಿ ಸಪ್ಪೆ ತಿನ್ನುತ್ತಿದ್ದರು, ಸಂಜೆಯ ಅನ್ನಕ್ಕೂ ಹಾಕಿಕೊಳ್ಳುತ್ತಿರಲಿಲ್ಲ. ಹೆಚ್ಚುಕಮ್ಮಿ ಇಡೀ ಬಟ್ಟಲು ಮಧ್ಯಾಹ್ನದ ಉಪ್ಸಾರಿಗೆ ಹೋಗುತ್ತಿತ್ತು. ಭೇದಿ ನಿಂತಿತು. ಬಿ.ಪಿ. ಮಾತ್ರೆಗೆ ನಿಧಾನವಾಗಿ ಇಳಿಯಿತು, ಸುಮಾರಾದ ಜಾಗದಲ್ಲಿ ನಿಂತಿತು.

ಅತ್ತೆಗೆ ಟ್ಯಾಂಕಿನ ಮೇಲೆ ಒಂದು ತರದ ಹಕ್ಕು ಬಂದದ್ದು ಈ ಪ್ರಸಂಗದ ಮೇಲೆಯೇ. ಬಂದವರಿಗೆಲ್ಲ, “ಈ ನೀರು ಹೆಂಗಿರುತ್ತೆ ಅಂತ ನಂಗೊತ್ತು, ಕುಡಿದಿದೀನಿ” ಎನ್ನುತ್ತಿದ್ದರು. ಮಗಳು ರಜೆಗೆ ಬಂದಾಗ ಅಜ್ಜಿಯ ಬಾಯಿಂದ ಈ ಕಥೆಯನ್ನು ಮತ್ತೆ ಮತ್ತೆ ಹೇಳಿಸಿ ಕೇಳಿದಳು. ಪ್ರತಿ ಸಲ ಹೇಳುವಾಗಲೂ ಉಪ್ಪು ಇನ್ನಷ್ಟು ಕಹಿಯಾಗುತ್ತಿತ್ತು.

ಎರಡು ಬಕೆಟ್ ಮುಗಿಯುವ ಹೊತ್ತಿಗೆ ಅಂಗಡಿಯಲ್ಲಿ ಆ ಉಪ್ಪು ಇರಲಿಲ್ಲ. ಯಾವಾಗ ಬರುತ್ತದೋ ಗೊತ್ತಿಲ್ಲ ಎಂದು ಅಂಗಡಿಯಾತ ಫೋನಿನಲ್ಲಿ ಹೇಳಿ, ಮೊದಲು ತಾನು ಹೇಳಿದ್ದ ದೊಡ್ಡ ಬಕೆಟ್ಟನ್ನೇ ಬಸ್ಸಿಗೆ ಹಾಕಿ ಕಳಿಸಿದ. ನಾನೂ ಒಪ್ಪಿಕೊಂಡಿದ್ದೆ. ನೀರು ಬದಲಿಸುವ ದಿನ ತಪ್ಪಿಸಬಾರದೆಂದು ಹಿಂದಿನಷ್ಟೇ ನೀರನ್ನು ಹೊಸ ಉಪ್ಪಿನಲ್ಲಿ ಕಲಸಿ ಹಾಕಿದೆ. ಎರಡು ಸಲ ಹಾಗೆ ಮಾಡಿದ ಮೇಲೆ ಬೆರಳಿನಂಥ ಹವಳ ಮುದುಡಿಕೊಂಡಿತು. ಮೊದಲು ಗಮನಿಸಿದವರು ಅತ್ತೆ.

“ಇದುಕ್ಕೇನೋ ಆಗೈತೆ ಕಣೇ. ಮೊನ್ನೆಯಿಂದ ಬಾಯಿ ಬುಟ್ಟಿಲ್ಲ.”

ನೀರು ಪರೀಕ್ಷಿಸಿದೆ. ಪುಟ್ಟ ಸೀಸೆಗೆ ನೀರು ಹಾಕಿ, ಔಷಧಿಯನ್ನು ಹನಿ ಹನಿಯಾಗಿ ಬಿಟ್ಟು ಬಣ್ಣ ಬದಲಾಗುವವರೆಗೂ ನೋಡಬೇಕು. ಬಣ್ಣ ಬದಲಾಗಲು ಹಿಂದಿಗಿಂತ ಹೆಚ್ಚು ಹನಿ ಬೇಕಾಯಿತು. ಕ್ಷಾರ ಏರಿತ್ತು. ಮಗಳು ಫೋನಿನಲ್ಲಿ, ಉಪ್ಪನ್ನು ಕಮ್ಮಿ ಹಾಕಿದರೆ ಸರಿಹೋಗುವುದಿಲ್ಲವೇ ಎಂದು ಕೇಳಿದಳು. ಇಲ್ಲ, ಕಮ್ಮಿ ಹಾಕಿದರೆ ನೀರೇ ಸಪ್ಪೆಯಾಗಿ ಮೀನಿಗೂ ಹವಳಕ್ಕೂ ತೊಂದರೆ. ಉಳಿದದ್ದು ಒಂದೇ, ಹೊಸ ಉಪ್ಪಿನ ನೀರನ್ನು ಪ್ರತಿ ಸಲ ಸ್ವಲ್ಪ ಸ್ವಲ್ಪವೇ ಹಾಕುವುದು, ಹಳೆಯ ಉಪ್ಪು ಸಿಕ್ಕಿದರೆ ಅದಕ್ಕೇ ಮರಳುವುದು. ಬೇರೆ ಊರಿನ ಒಂದು ಅಂಗಡಿಯಲ್ಲಿ ಹಳೆಯದು ಸಿಕ್ಕಿ ಕೊರಿಯರ್‌ನಲ್ಲಿ ಬಂತು. ಅಣಬೆಯಂಥ ಹವಳಕ್ಕೆ ಏನೂ ಆಗಿರಲಿಲ್ಲ. ಬೆರಳಿನಂಥದ್ದು ಒಂದು ಕಡೆ ಕೊಳೆಯಿತು. ಕೊಳೆತ ಭಾಗವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದೆ. ಉಳಿದದ್ದು ನಿಧಾನವಾಗಿ ಮತ್ತೆ ಅರಳಿತು, ಮೊದಲಿನಷ್ಟು ದೊಡ್ಡದಾಗಲು ಒಂದು ಬೇಸಿಗೆ ಪೂರ್ತಿ ಬೇಕಾಯಿತು. ಉಳಿದ ದೊಡ್ಡ ಬಕೆಟ್ಟನ್ನು ಗಟ್ಟಿ ಹವಳ ಸಾಕುವ ತುಮಕೂರಿನ ಒಬ್ಬರಿಗೆ ಕೊಟ್ಟೆ.

ಆ ದಿನಗಳಲ್ಲಿ ಒಂದು ಸಂಜೆ ಅತ್ತೆ ಕೇಳಿದರು, “ಇದು ಗಿಡವೋ, ಪ್ರಾಣಿಯೋ?”

“ಪ್ರಾಣಿ ಅತ್ತೆ.”

“ಹಂಗಾದ್ರೆ ಅದುಕ್ಕೆ ನೋವಾಯ್ತೇನೇ, ಕುಯ್ದಾಗ?”

ಗೊತ್ತಿಲ್ಲ ಎಂದೆ. ಅವರು ಗಾಜಿನ ಮೇಲೆ ಕೈಯಿಟ್ಟುಕೊಂಡು ನೋಡುತ್ತಾ ನಿಂತರು. ಆಮೇಲೆ ತೆಂಗಿನ ಗಿಡಕ್ಕೆ ನೀರು ಬಿಡಲು ಹೋದರು.

ಕಳೆದ ಚಳಿಗಾಲದಲ್ಲಿ ಅತ್ತೆಯ ತಂಗಿಯ ಮನೆಯಲ್ಲಿ, ದಬ್ಬೇಘಟ್ಟದಲ್ಲಿ, ಮೊಮ್ಮಗುವಿಗೆ ನಾಮಕರಣವಿತ್ತು. ಅತ್ತೆ ಒಂದೆರಡು ದಿನ ಮೊದಲೇ ಹೊರಟರು. ನಾನು ಬೆಳಿಗ್ಗೆ ಬೇಗ ಲ್ಯಾಬಿಗೆ ಹೋಗುವುದರಿಂದ, ಟ್ಯಾಂಕಿಗೆ ದಿನವೂ ನೀರು ತುಂಬಿಸುವ ಕೆಲಸವನ್ನು ಅವರು ವಹಿಸಿಕೊಂಡು ಬಹಳ ಕಾಲವಾಗಿತ್ತು. ಅದನ್ನು ಮಗನಿಗೆ ಒಪ್ಪಿಸಬೇಕಿತ್ತು. ಬ್ಯಾಗು ಬಾಗಿಲಲ್ಲಿಟ್ಟು ಮಗನನ್ನು ಟ್ಯಾಂಕಿನ ಮುಂದೆ ನಿಲ್ಲಿಸಿಕೊಂಡರು.

“ಇಲ್ಲಿ ಗೆರೆ ಐತೆ ನೋಡು. ನೀರು ಇದುಕ್ಕಿಂತ ಕೆಳಗೆ ಹೋಗಿರುತ್ತೆ. ಈ ಕ್ಯಾನಿನ ಫಿಲ್ಟರ್ ನೀರು ಹಾಕು. ಡ್ರಮ್ಮಿನ ಉಪ್ಪುನೀರು ಹಾಕ್ಬ್ಯಾಡ.”

“ಉಪ್ಪುನೀರಿನ ಟ್ಯಾಂಕಿಗೆ ಬರೀ ನೀರು ಹಾಕಿದ್ರೆ ಸಪ್ಪೆಯಾಗಲ್ವಾ?”

“ಆರಿ ಹೋಗೋದು ನೀರು ಕಣ್ಲಾ. ಉಪ್ಪು ಒಳಗೇ ಇರುತ್ತೆ. ಉಪ್ಪುನೀರನ್ನೇ ಹಾಕ್ತಾ ಹೋದ್ರೆ ಜಾಸ್ತಿಯಾಗುತ್ತೆ. ನಿನ್ನ ಹೆಂಡ್ರು ಇದನ್ನ ನಂಗೆ ಹೇಳ್ಕೊಡೋಕೆ ಎಷ್ಟು ದಿನ ತಗೊಂಡ್ಲು ಗೊತ್ತಾ?”

ಗಂಡ ಅವರನ್ನು ಆ ದಾರಿಯ ತುರುವೇಕೆರೆ ಬಸ್ಸಿಗೆ ಹತ್ತಿಸಿ ಬಂದರು. ಮರುದಿನ ಬೆಳಿಗ್ಗೆ ನಾನು ಹೊರಡುವಾಗ ಅವರು ಗೆರೆಯ ಎದುರು ಬಗ್ಗಿ, ಲೋಟದಲ್ಲಿ ಸ್ವಲ್ಪ ಸ್ವಲ್ಪವೇ ನೀರು ಬಿಡುತ್ತಿದ್ದರು. ಲ್ಯಾಬಿಗೆ ಫೋನ್ ಬಂತು, ಅತ್ತೆಯದು. ಮಗ ಮಂಡಿಯಲ್ಲಿ ಫೋನ್ ಎತ್ತುತ್ತಿಲ್ಲ ಎಂದರು. ನೀರು ಹಾಕಿದ್ದಾರೆ ಎಂದೆ. ಗೆರೆ ಮುಟ್ಟಿತೇ ಎಂದು ಕೇಳಿದರು. ಮುಟ್ಟಿತು ಎಂದೆ. ಮಗುವಿಗೆ ಹೆಸರು ಇನ್ನೂ ಗೊತ್ತು ಮಾಡಿಲ್ಲ, ಗಂಡಿನ ಕಡೆಯವರದೊಂದು, ಹೆಣ್ಣಿನ ಕಡೆಯವರದೊಂದು, ನೋಡಬೇಕು ಎಂದರು. ಹಿಂದೆ ಯಾರೋ ಅವರನ್ನು ಊಟಕ್ಕೆ ಕರೆಯುತ್ತಿದ್ದದ್ದು ಕೇಳಿಸಿತು. “ಸೋಮವಾರ ಬೆಳಗಿನ ಬಸ್ಸಿಗೆ ಬತ್ತೀನಿ” ಎಂದು ಹೇಳಿ ಫೋನಿಟ್ಟರು. ನನ್ನ ಮುಂದೆ ರಕ್ತ ಕೊಡಲು ಬಂದವರ ಸಾಲು ಇತ್ತು. ಮೊದಲನೆಯವರಿಗೆ ಅಂಗಿಯ ತೋಳು ಮಡಚಲು ಹೇಳಿದೆ.